ಹುಣಸೆಹಣ್ಣಿನಲ್ಲಿ ತೊಳೆದ ನೆಪೋಲಿಯನ್

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲಿರುವ ಅಕ್ಕ, ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಮನೆಯಲ್ಲಿದ್ದ ಹಳೇ ಫ್ರೆಂಚ್ ನಾಣ್ಯದ ಫೋಟೋ ಕಳಿಸಿದ್ದರು. ಮರುದಿನವೇ ಫೋನ್ ಬಂತು. 'ಇದಕ್ಕೆ 12 ಲಕ್ಷ ಸಿಗುತ್ತದೆ, ಮೊದಲು ನೋಂದಣಿಗೆ 2,500 ರೂಪಾಯಿ ಹಾಕಿ.' ನನಗಿರುವ ನಾಣ್ಯದ ಹುಚ್ಚು ಅವರಿಗೆ ಗೊತ್ತು. ಹಣ ಹಾಕುವ ಮೊದಲು ನನ್ನನ್ನು ಕೇಳಿದ್ದು ಪುಣ್ಯ.

ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಮಾವನ ಡಬ್ಬಿಯಲ್ಲಿ ಫ್ರಾನ್ಸಿನ ನಾಣ್ಯ ಎರಡಿದ್ದವು. ಒಂದು ಕಂಚಿನದು, 1855ರದು. ಇನ್ನೊಂದು ಬೆಳ್ಳಗಿನದು, 1963ರದು. ಲಕ್ಷದ ಕನಸು ಕಟ್ಟಿದ್ದು ಮೊದಲನೆಯದರ ಮೇಲೆ. ಎರಡನೆಯದನ್ನು ಮೊಮ್ಮಗ ಕೇರಂ ಆಡಲು ಇಟ್ಟುಕೊಂಡಿದ್ದ.

ಕಂಚಿನದನ್ನೇ ಮೊದಲು ನೋಡೋಣ. ಒಂದು ಕಡೆ ಗಡ್ಡದ ಮುಖ, ಸುತ್ತ 'ನೆಪೋಲಿಯನ್ ತೃತೀಯ, ಚಕ್ರವರ್ತಿ' ಎಂದು ಫ್ರೆಂಚಿನಲ್ಲಿ, ಕೆಳಗೆ ಇಸವಿ. ಇವನು ವಾಟರ್ಲೂದಲ್ಲಿ ಸೋತ ನೆಪೋಲಿಯನ್ ಅಲ್ಲ, ಅವನ ತಮ್ಮನ ಮಗ. ಇನ್ನೊಂದು ಕಡೆ ಹದ್ದು, ಸುತ್ತ 'ಹತ್ತು ಸೆಂಟೀಮ್'. ಇವನ ಕಂಚಿನ ನಾಣ್ಯಗಳ ಲೆಕ್ಕ ಬಲು ಸುಲಭ: ಸೆಂಟೀಮಿಗೆ ಒಂದು ಗ್ರಾಂ. ಹತ್ತರ ನಾಣ್ಯ 10 ಗ್ರಾಂ, ಅಗಲ 30 ಮಿಲಿಮೀಟರ್. ನಮ್ಮ ಗಲ್ಲಿಯ ಅಕ್ಕಸಾಲಿಗನ ತಕ್ಕಡಿಯಲ್ಲಿ 9.7 ಬಂತು. ಅಷ್ಟು ಸವೆತ ಸಹಜ. ಏಳೋ ಎಂಟೋ ಬಂದಿದ್ದರೆ ಅನುಮಾನಪಡಬೇಕಿತ್ತು.

ಮತ್ತೊಂದು ಪರೀಕ್ಷೆಗೆ ತಕ್ಕಡಿಯೂ ಬೇಡ. ಮುಖ ನೆಟ್ಟಗಿರುವಂತೆ ನಾಣ್ಯವನ್ನು ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಎರಡು ಬೆರಳಿಂದ ಹಿಡಿದು, ಪುಸ್ತಕದ ಹಾಳೆಯಂತೆ ಮಗುಚಿ. ಹದ್ದು ತಲೆಕೆಳಗಾಗಿ ಕಾಣಬೇಕು. ಫ್ರಾನ್ಸಿನ ಹಳೇ ನಾಣ್ಯಗಳನ್ನು ಅಚ್ಚೊತ್ತುತ್ತಿದ್ದದ್ದೇ ಹಾಗೆ. ಇದರಿಂದಲೇ ಅಸಲಿ ಎಂದು ಸಾಬೀತಾಗದು, ಆದರೆ ಹದ್ದು ನೆಟ್ಟಗೆ ನಿಂತರೆ ಎಚ್ಚರ.

ಇನ್ನು ಭೂತಗನ್ನಡಿ ತನ್ನಿ. ಹದ್ದಿನ ಕೆಳಗೊಂದು ಅಕ್ಷರವಿರುತ್ತದೆ, ಅದು ಟಂಕಸಾಲೆಯ ಗುರುತು. 'ಎ' ಎಂದರೆ ಪ್ಯಾರಿಸ್, 'ಬಿ' ರೂಆಂ, ಜೋಡಿ 'ಬಿಬಿ' ಸ್ಟ್ರಾಸ್‌ಬರ್ಗ್, 'ಡಿ' ಲಿಯಾನ್, 'ಕೆ' ಬೋರ್ಡೋ, 'ಡಬ್ಲ್ಯೂ' ಲಿಲ್. ಇಸವಿಯ ಪಕ್ಕದ ಪುಟ್ಟ ಚಿತ್ರವನ್ನೂ ನೋಡಬೇಕು. 1855ರಲ್ಲಿ ಮುಖ್ಯ ಅಚ್ಚುಗಾರ ಬದಲಾದ. ತಂದೆ ಬಾರ್‌ನ ಗುರುತು ನಾಯಿಯ ತಲೆ, ಮಗ ಬಾರ್‌ನದು ಲಂಗರು. ಹಾಗಾಗಿ ಆ ವರ್ಷದ ನಾಣ್ಯಗಳು ಎರಡೂ ಬಗೆಯಲ್ಲಿ ಸಿಗುತ್ತವೆ. ಯಾವ ಊರು, ಯಾವ ಗುರುತು ಎಂಬ ಜೋಡಿಯ ಮೇಲೆ ಬೆಲೆ ಏರಿಳಿಯುತ್ತದೆ. ಚಕ್ರವರ್ತಿಯ ತಲೆಯ ಮೇಲೆ ಎಲೆಗಳ ಕಿರೀಟವಿದ್ದರೆ ಅದು 1860ರ ದಶಕದ್ದು. 1859ರಲ್ಲಿ ಇಟಲಿಯ ಯುದ್ಧ ಗೆದ್ದ ಮೇಲೆ ಬಂದ ಅಲಂಕಾರ ಅದು.

ಅಕ್ಕನದು ಪ್ಯಾರಿಸಿನದು, ನಾಯಿ ಗುರುತಿನದು. ತೀರಾ ಸಾಮಾನ್ಯ. ಈ ನಾಣ್ಯಗಳನ್ನು ಕೋಟಿಗಟ್ಟಲೆ ಟಂಕಿಸಿದ್ದರು. ಸವೆದದ್ದು ಇವತ್ತು ಫ್ರಾನ್ಸಿನಲ್ಲೇ ಕೆಲವು ಯೂರೋಗೆ ಸಿಗುತ್ತದೆ. ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ ಎಳೆಎಳೆಯಾಗಿ ಉಳಿದು, ಟಂಕಸಾಲೆಯ ಹೊಳಪೂ ಮಾಸದಿದ್ದರೆ ಹತ್ತಾರು ಪಟ್ಟು ಹೆಚ್ಚು. ಆದರೆ ಅಕ್ಕ ಪ್ರತಿ ದೀಪಾವಳಿಗೆ ಅದನ್ನು ತಾಮ್ರದ ಚೊಂಬಿನ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ! ಹಳೇ ಕಂಚಿನ ಮೇಲೆ ಕಟ್ಟಿದ ಕಂದು ಬಣ್ಣ ಕೊಳೆಯಲ್ಲ. ಸಂಗ್ರಾಹಕ ಮೊದಲು ನೋಡುವುದೇ ಅದನ್ನು, ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಈಗ ಕೇರಂ ನಾಣ್ಯದ ಸರದಿ. ಬೀಜ ಬಿತ್ತುತ್ತಾ ನಡೆಯುವ ಹೆಣ್ಣಿನ ಚಿತ್ರವಿರುವ 5 ಫ್ರಾಂಕ್, ಚಿತ್ರ ರೂಪಿಸಿದವನು ಆಸ್ಕರ್ ರೋಟಿ. 1960ರಿಂದ 1969ರವರೆಗಿನದು ಬೆಳ್ಳಿಯದು: ತೂಕ 12 ಗ್ರಾಂ, ಸಾವಿರಕ್ಕೆ 835 ಭಾಗ ಬೆಳ್ಳಿ, ಅಂದರೆ ಹತ್ತು ಗ್ರಾಂ ಅಪ್ಪಟ ಬೆಳ್ಳಿ. 1970ರಿಂದ ಅದೇ ಚಿತ್ರ, ಅದೇ ಅಗಲ, ಆದರೆ ಬೆಳ್ಳಿ ಮಾಯ, ತೂಕವೂ 10 ಗ್ರಾಂ. ಅಂಚು ನೋಡಿದರೂ ಗೊತ್ತಾಗುತ್ತದೆ: ಬೆಳ್ಳಿಯದರ ಅಂಚಿನಲ್ಲಿ 'ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ' ಎಂಬ ಫ್ರೆಂಚ್ ಪದಗಳಿವೆ, ನಂತರದ್ದರಲ್ಲಿ ಬರೀ ಗೀರು. ಅಂತೂ ನೂರೆಂಟು ವರ್ಷ ಚಿಕ್ಕದಾದ ನಾಣ್ಯವೇ ಹೆಚ್ಚು ಬೆಲೆಯದು. ಆ ದಿನದ ಬೆಳ್ಳಿ ದರವನ್ನು ಹತ್ತು ಗ್ರಾಂಗೆ ಲೆಕ್ಕ ಹಾಕಿದರೆ ಸಾಕು.

ಬೆಲೆ ಹುಡುಕುವಾಗ ಮಾರುವವರು ಕೇಳಿದ ಬೆಲೆ ನೋಡಬೇಡಿ. ಯಾರು ಬೇಕಾದರೂ ಲಕ್ಷ ಕೇಳಬಹುದು. ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಮುಂಗಡ ಶುಲ್ಕ ಕೇಳಿದವನ ಫೋನ್ ಅಲ್ಲೇ ಇಡಿ. ಹಳೇ ನೋಟು, ನಾಣ್ಯದ ಹೆಸರಲ್ಲಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಅಕ್ಕನ ಮಗ ಜರ್ಮನಿಯಲ್ಲಿದ್ದಾನೆ. 'ಹಾಗಾದ್ರೆ ಎರಡನ್ನೂ ಅವನ ಕೈಲಿ ಕೊಟ್ಟು ಅಲ್ಲೇ ಮಾರಿಸೋಣ್ವಾ?' ಎಂದರು. 1855ರದನ್ನು ಕೊಡಬೇಡಿ ಎಂದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅದು ಮತ್ತೆ ಮಾವನ ಡಬ್ಬಿ ಸೇರಿದೆ. ಬೆಳ್ಳಿಯದನ್ನು ಮೊಮ್ಮಗನಿಂದ ಬಿಡಿಸಿಕೊಳ್ಳಲು ಮಾತ್ರ ಹೊಸ ಸ್ಟ್ರೈಕರ್ ಕೊಡಿಸಬೇಕಾಯಿತು.