ಮಗುವಿನ ಕಾಯಿಲೆ, ಹೆತ್ತವರ ಹೊಣೆ

ಮುಂಗಾರು ಕಾಲಿಡುವ ಮೊದಲು ನಮ್ಮ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ ಎಷ್ಟೆಂದು ವಾಚಕರಿಗೆ ಹೇಳಬೇಕಾಗಿಲ್ಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಹಾಳಿ ಹತ್ತಿ ಕಾಯಿ ಉದುರತೊಡಗಿದ ಮೇಲೆ ಸಿಂಪಡಿಸಿ ಹೆಚ್ಚಿನ ಪ್ರಯೋಜನವಿಲ್ಲವೆಂದು ತಿಳಿದವರು ಮೊದಲ ಮಳೆಗೆ ಮುಂಚೆಯೇ ಆಳು ಹುಡುಕುತ್ತಾರೆ, ಮತ್ತೆ 40-45 ದಿನಗಳಲ್ಲಿ ಬಿಸಿಲು ಬಿದ್ದ ಹೊತ್ತು ನೋಡಿ ಎರಡನೆಯ ಸಲ ಬಿಡಿಸುತ್ತಾರೆ. ಅದೇ ಮನೆಯವರು ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಇಗರ್ಜಿಗೆ ಬಂದು ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಹೋಗುತ್ತಾರೆ. ದೇವರ ಮೇಲೆ ಭರವಸೆ ಇದ್ದವನಿಗೆ ಬೋರ್ಡೋ ದ್ರಾವಣ ಏಕೆಂದು ಯಾವ ರೈತನೂ ಕೇಳುವುದಿಲ್ಲ. ಹಾಲು ಕೊಡುವ ಹಸು ಕೆಚ್ಚಲು ಬಾತು ನಿಂತರೆ ಆ ರಾತ್ರಿಯೇ ಪಶುವೈದ್ಯರಿಗೆ ಫೋನ್ ಹೋಗುತ್ತದೆ.

ಆದರೆ ಮನೆಯ ಮಗು ಮಲಗಿದಾಗ ಮಾತ್ರ ಕೆಲವು ಕಡೆ ಈ ಪ್ರಶ್ನೆ ತಲೆಹಾಕುತ್ತದೆ. ಔಷಧಿಗೆ ಹೋದರೆ ನಂಬಿಕೆ ಕಡಿಮೆಯಾಯಿತೇ? ಹರಕೆ ಹೊತ್ತಾಗಿದೆ, ಇನ್ನು ಕಾಯುವುದೇ ಭಕ್ತಿಯಲ್ಲವೇ? ಈ ಸಲ ಇದನ್ನೇ ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ಮೊದಲಿಗೆ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದು ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಒಂದು ಪ್ರಕರಣ.

2008ರ ಮಾರ್ಚ್ ತಿಂಗಳು. ವೆಸ್ಟನ್ ಎಂಬ ಊರಿನ ಒಂದು ಕುಟುಂಬದ 11 ವರ್ಷದ ಬಾಲಕಿ ದಿನೇ ದಿನೇ ಬಳಲುತ್ತಾ ಬಂದಳು. ಶುಕ್ರವಾರ ಪಾಠ ಮುಗಿಸಲಾರದಷ್ಟು ಆಯಾಸ. ಶನಿವಾರವೆಲ್ಲ ಮಲಗಿಯೇ ಇದ್ದಳು, ಸಂಜೆಯ ಹೊತ್ತಿಗೆ ಎದ್ದು ನಿಲ್ಲುವ ಶಕ್ತಿಯಿಲ್ಲ, ಮಾತಿಲ್ಲ. ತಂದೆತಾಯಿ ಯಾವ ಚರ್ಚಿಗೂ ಸೇರಿದವರಲ್ಲ. ಮನೆಯಲ್ಲೇ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದ ಅವರು, ಕಾಯಿಲೆ ಆತ್ಮಿಕ ಕಾರಣದಿಂದ ಬರುವುದು, ಅದನ್ನು ಗುಣಪಡಿಸುವವನು ದೇವರೊಬ್ಬನೇ, ವೈದ್ಯನ ಬಳಿ ಹೋಗುವುದೆಂದರೆ ದೇವರಿಗಿಂತ ವೈದ್ಯನನ್ನು ಮುಂದಿಟ್ಟಂತೆ ಎಂದು ನಂಬಿದ್ದರು. ಮನೆಯ ಹಿರಿಯರೇ ವೈದ್ಯರ ಬಳಿಗೆ ಕರೆದೊಯ್ಯಿರೆಂದು ಸೂಚಿಸಿದ್ದರು. ಪ್ರಾರ್ಥನೆಗಾಗಿ ಸ್ನೇಹಿತರಿಗೆ ಕರೆ ಹೋಯಿತೇ ಹೊರತು ವೈದ್ಯರಿಗೆ ಹೋಗಲಿಲ್ಲ. ಭಾನುವಾರ, ಮಾರ್ಚ್ 23ರಂದು, ದೂರದ ಕ್ಯಾಲಿಫೋರ್ನಿಯಾದಲ್ಲಿದ್ದ ಸಂಬಂಧಿಯೊಬ್ಬರು ಅಧಿಕಾರಿಗಳಿಗೆ ಫೋನ್ ಮಾಡಿ ಆಂಬುಲೆನ್ಸ್ ಕಳುಹಿಸಿರೆಂದು ಬೇಡಿಕೊಂಡರು. ಮಗು ಉಸಿರು ನಿಲ್ಲಿಸಿದ ಮೇಲೆ ಮನೆಯಿಂದಲೂ ಕರೆ ಹೋಯಿತು. ಹೊತ್ತು ಮೀರಿತ್ತು. ಆ ಭಾನುವಾರ ಈಸ್ಟರ್ ಹಬ್ಬವಾಗಿತ್ತು.

ಬಾಲಕಿಗೆ ಇದ್ದುದು ಸಕ್ಕರೆ ಕಾಯಿಲೆ. ನಮ್ಮಲ್ಲಿ ಈ ಹೆಸರು ಕೇಳಿದ ಕೂಡಲೇ ಐವತ್ತು ದಾಟಿದವರ ನೆನಪಾಗುತ್ತದೆ. ಮಕ್ಕಳಲ್ಲಿ ಬರುವುದು ಹೆಚ್ಚಾಗಿ ಬೇರೆಯೇ ಬಗೆ, ಅದಕ್ಕೆ ಟೈಪ್ 1 ಎನ್ನುತ್ತಾರೆ. ಸಿಹಿ ತಿಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಹೆತ್ತವರ ಪಾಪಕ್ಕೂ ಇಲ್ಲ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕಣಗಳನ್ನು ದೇಹವೇ ನಾಶಮಾಡಿಕೊಳ್ಳುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಎಷ್ಟಿದ್ದರೂ ದೇಹಕ್ಕೆ ಸಿಗದು. ತೋಡು ತುಂಬಿ ಹರಿದರೂ ಗದ್ದೆಯ ಕಂಡಿ ತೆರೆಯದಿದ್ದರೆ ಪೈರು ಒಣಗುತ್ತದಲ್ಲ, ಹಾಗೆ. ಹಸಿದ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬಿ ಮಗುವಿಗೆ ವಾಂತಿ, ಏದುಸಿರು, ಮಂಪರು ಬರುತ್ತದೆ. ಇನ್ಸುಲಿನ್ ದೊರೆಯುವ ಮೊದಲು ಇಂಥ ಮಕ್ಕಳು ಬದುಕುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು, ಸಾವಿನಂಚಿನಲ್ಲಿದ್ದವನು ಮತ್ತೆ 13 ವರ್ಷ ಬಾಳಿದ. ಇಂದು ಸರಿಯಾಗಿ ಚಿಕಿತ್ಸೆ ಪಡೆದ ಮಕ್ಕಳು ಓದಿ, ದುಡಿದು, ಮದುವೆಯಾಗಿ ಮಕ್ಕಳನ್ನು ಹೆರುತ್ತಾರೆ. ವೆಸ್ಟನ್ನಿನ ಬಾಲಕಿಯ ವಿಚಾರದಲ್ಲಿ, ಸಾಯುವ ದಿನವೂ ಬಹಳ ಹೊತ್ತಿನವರೆಗೆ ಅವಳು ಬದುಕುಳಿಯುವ ಸಾಧ್ಯತೆ ಹೆಚ್ಚಾಗಿಯೇ ಇತ್ತು ಎಂಬ ಸಾಕ್ಷ್ಯ ವೈದ್ಯರಿಂದ ಬಂತು. ಓದುವಾಗ ಎದೆ ಚುರುಕ್ಕೆನ್ನುವುದು ಇಲ್ಲೇ.

2009ರಲ್ಲಿ ತಾಯಿಯನ್ನೂ ತಂದೆಯನ್ನೂ ಬೇರೆ ಬೇರೆಯಾಗಿ ವಿಚಾರಣೆ ನಡೆಸಿದ ಜ್ಯೂರಿ, ಅಜಾಗರೂಕತೆಯಿಂದ ಪ್ರಾಣ ಕಳೆದ ಅಪರಾಧ ಇಬ್ಬರ ಮೇಲೂ ಸ್ಥಾಪಿತವಾಗಿದೆಯೆಂದು ಹೇಳಿತು. 25 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವದು. ನ್ಯಾಯಾಧೀಶರು ಅವರನ್ನು ದುಷ್ಟರೆಂದು ಕರೆಯಲಿಲ್ಲ. ವರ್ಷಕ್ಕೊಂದು ತಿಂಗಳಂತೆ ಆರು ವರ್ಷ ಜೈಲು, ಉಳಿದ ಮಕ್ಕಳ ವೈದ್ಯಕೀಯ ತಪಾಸಣೆಗೆ ಒಪ್ಪಬೇಕೆಂಬ ಷರತ್ತು, 10 ವರ್ಷ ಅಧಿಕಾರಿಗಳ ನಿಗಾ ಎಂದು ತೀರ್ಪಿತ್ತರು. ಪ್ರಾರ್ಥನೆಯಿಂದ ಚಿಕಿತ್ಸೆ ಮಾಡುವ ಹೆತ್ತವರಿಗೆ ಆ ರಾಜ್ಯದ ಮಕ್ಕಳ ಕಾನೂನಿನಲ್ಲಿ ಒಂದು ರಿಯಾಯಿತಿ ಇತ್ತು, ಅದರ ಆಸರೆಯಿಂದ ಅವರು ಮೇಲ್ಮನವಿ ಸಲ್ಲಿಸಿದರು. 2013ರ ಜುಲೈ 3ರಂದು ವಿಸ್ಕಾನ್ಸಿನ್ ಸರ್ವೋಚ್ಚ ನ್ಯಾಯಾಲಯ ಆ ರಿಯಾಯಿತಿ ಮಗುವಿನ ಪ್ರಾಣ ಹೋದ ಪ್ರಕರಣಕ್ಕೆ ಅನ್ವಯಿಸದೆಂದು ಶಿಕ್ಷೆಯನ್ನು ಎತ್ತಿಹಿಡಿಯಿತು.

ಇದು ಎಲ್ಲೋ ಒಂದು ಮನೆಯ ಕಥೆಯೆಂದು ತಿಳಿಯಬಾರದು. ಅಮೆರಿಕದ 'ಪೀಡಿಯಾಟ್ರಿಕ್ಸ್' ಎಂಬ ಮಕ್ಕಳ ವೈದ್ಯರ ಪತ್ರಿಕೆ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 1975ರಿಂದ 1995ರವರೆಗೆ ಧಾರ್ಮಿಕ ಕಾರಣದಿಂದ ಚಿಕಿತ್ಸೆ ಸಿಗದೆ ಸತ್ತ 172 ಮಕ್ಕಳ ವಿವರ ಅದರಲ್ಲಿದೆ. ಅವರಲ್ಲಿ 140 ಮಕ್ಕಳಿಗೆ ಬಂದದ್ದು, ಔಷಧೋಪಚಾರ ಸಿಕ್ಕಿದ್ದರೆ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಮಂದಿ ಬದುಕುವಂಥ ಕಾಯಿಲೆಗಳು. ಈ ಅಧ್ಯಯನ ಮಾಡಿದ ಇಬ್ಬರಲ್ಲಿ ಒಬ್ಬರಾದ ರೀಟಾ ಸ್ವಾನ್ ಸ್ವತಃ 1977ರಲ್ಲಿ ತಮ್ಮ ಪುಟ್ಟ ಮಗನನ್ನು ಮೆದುಳುಪೊರೆಯ ಸೋಂಕಿಗೆ ಕಳೆದುಕೊಂಡ ತಾಯಿ. ಆಗ ಅವರು ಸೇರಿದ್ದ ಪಂಥ ಪ್ರಾರ್ಥನೆಯನ್ನೇ ಚಿಕಿತ್ಸೆಯೆಂದು ಬೋಧಿಸುತ್ತಿತ್ತು.

ಈ ಹೆತ್ತವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ರಾತ್ರಿಯೆಲ್ಲ ಎದ್ದಿದ್ದವರು ಅವರು. ಅವರ ಪ್ರಾರ್ಥನೆಯಲ್ಲೂ ತಪ್ಪಿರಲಿಲ್ಲ. ತಮ್ಮ ನಂಬಿಕೆಯ ಪರೀಕ್ಷೆಯನ್ನು ಅವರು ಬೇರೊಬ್ಬರ ದೇಹದ ಮೇಲೆ ನಡೆಸಿದರು, ತಪ್ಪು ಅಲ್ಲಿದೆ. ಪ್ರಾಯಕ್ಕೆ ಬಂದವನೊಬ್ಬ ತನಗೆ ಆಪರೇಷನ್ ಬೇಡ, ದೇವರಿಟ್ಟ ಹಾಗೆ ಇರುತ್ತೇನೆ ಎಂದರೆ ಅದು ಅವನ ಜೀವ, ಅವನ ಲೆಕ್ಕ. ಹನ್ನೊಂದು ವರ್ಷದ ಮಗು ಹಾಗೆ ಹೇಳಲಾರದು. ಮಾತೇ ಬಿದ್ದುಹೋದ ಮಗುವನ್ನು ಯಾರು ಕೇಳಿದರು? ಅಮೆರಿಕದ ಸುಪ್ರೀಂ ಕೋರ್ಟು 1944ರಲ್ಲೇ ಬೇರೊಂದು ಪ್ರಕರಣದಲ್ಲಿ, ಹೆತ್ತವರು ತಾವು ಹುತಾತ್ಮರಾಗಲು ಸ್ವತಂತ್ರರು, ಮಕ್ಕಳನ್ನು ಹುತಾತ್ಮರನ್ನಾಗಿಸಲು ಅಲ್ಲ ಎಂಬರ್ಥದ ಮಾತು ಹೇಳಿತ್ತು. ಮಗು ನಮ್ಮ ಆಸ್ತಿಯಲ್ಲ, ದೇವರು ನಮ್ಮ ಕೈಯಲ್ಲಿ ಇಟ್ಟ ಇಡುಗಂಟು ಎಂದು ಜ್ಞಾನಸ್ನಾನದ ದಿನ ನಾವು ಕೇಳುತ್ತೇವೆ. ಇಡುಗಂಟನ್ನು ಪಣಕ್ಕೊಡ್ಡುವ ಹಕ್ಕು ಯಾರಿಗಿದೆ?

ನಮ್ಮ ಧರ್ಮಸಭೆಯಂತೂ ಪ್ರಾರ್ಥನೆಯನ್ನೂ ಮದ್ದನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟದ್ದೇ ಇಲ್ಲ. ಸಿರಾಕನ ಗ್ರಂಥದ 38ನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಕಾಯಿಲೆ ಬಿದ್ದವನು ಪ್ರಾರ್ಥಿಸಬೇಕು, ಆಮೇಲೆ ವೈದ್ಯನಿಗೂ ಎಡೆಗೊಡಬೇಕು, ಅವನನ್ನೂ ಸೃಷ್ಟಿಸಿದವನು ದೇವರೇ, ಮದ್ದನ್ನು ಮಣ್ಣಿನಿಂದ ಬರಿಸಿದವನೂ ದೇವರೇ ಎಂಬ ತಾತ್ಪರ್ಯ ಅಲ್ಲಿದೆ. ಸುವಾರ್ತೆ ಬರೆದ ಸಂತ ಲೂಕರು ವೈದ್ಯರು. ಗುಣಪಡಿಸುವ ಪ್ರಾರ್ಥನಾಕೂಟಗಳ ಬಗ್ಗೆ ವ್ಯಾಟಿಕನ್ 2000ದ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸೂಚನೆ ಕೂಡಾ, ಪ್ರಾರ್ಥನೆ ಔಷಧೋಪಚಾರವನ್ನು ದೂರವಿಡುವುದಿಲ್ಲ, ಬದಲಿಗೆ ಪ್ರೋತ್ಸಾಹಿಸುತ್ತದೆ ಎಂದೇ ಹೇಳುತ್ತದೆ. ಇನ್ನು ಪವಾಡಗಳ ಮಾತು. ಲೂರ್ದಿನಲ್ಲಿ 1883ರಿಂದಲೂ ವೈದ್ಯರ ಕಚೇರಿಯೊಂದು ಕೆಲಸ ಮಾಡುತ್ತಿದೆ. ಗುಣವಾಯಿತೆಂದು ಹೇಳಿಕೊಂಡು ಬಂದವರನ್ನು ಅಲ್ಲಿ ಪರೀಕ್ಷಿಸಿ, ದಾಖಲೆ ನೋಡಿ, ವರ್ಷಗಟ್ಟಲೆ ಕಾಯುತ್ತಾರೆ. ಲಕ್ಷೋಪಲಕ್ಷ ಯಾತ್ರಿಕರು ಹೋಗಿ ಬರುವ ಆ ಪುಣ್ಯಕ್ಷೇತ್ರದಲ್ಲಿ ಧರ್ಮಸಭೆ ಪವಾಡವೆಂದು ಈವರೆಗೆ ಒಪ್ಪಿದ್ದು ಎಪ್ಪತ್ತಕ್ಕಿಂತ ತುಸು ಹೆಚ್ಚು ಮಾತ್ರ. ಧರ್ಮಸಭೆಯೇ ಇಷ್ಟು ನಿಧಾನಿಸುವಲ್ಲಿ, ವೇದಿಕೆಯ ಮೇಲೆ ನಿಂತು ಒಂದೇ ಸಂಜೆಗೆ ಹತ್ತು ಪವಾಡ ಘೋಷಿಸುವವರಿಗೆ ಅವಸರ ಏಕೋ ತಿಳಿಯದು! ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಆಗಸ್ಟಸ್ ಮುಲ್ಲರ್ ಎಂಬ ಜೆಸ್ವಿತ್ ಗುರುಗಳು 1880ರಲ್ಲಿ ಆಲದ ಮರದಡಿ ಔಷಧಿ ಹಂಚತೊಡಗಿದಾಗ ಅವರ ಪ್ರಾರ್ಥನೆಗೆ ಏನೂ ಕೊರತೆಯಾಗಿರಲಿಲ್ಲ.

ನಮ್ಮೂರುಗಳಲ್ಲಿ ವಿಸ್ಕಾನ್ಸಿನ್ನಿನಂಥ ಹಟ ಅಪರೂಪ. ಇಲ್ಲಿರುವುದು ಬೇರೆ ತರದ ತಡ. ಮೊದಲು ದೃಷ್ಟಿ ತೆಗೆಯುವುದು, ಅದಾದ ಮೇಲೆ ನೂಲು ಕಟ್ಟಿಸುವುದು, ಒಂಬತ್ತು ದಿನದ ನೊವೇನ ಮುಗಿಯಲಿ ಎನ್ನುವುದು, ಪಕ್ಕದೂರಿನ ಹಸಿರು ಮದ್ದು ಕುಡಿಸಿ ನೋಡುವುದು, ಕೊನೆಗೆ ಆಸ್ಪತ್ರೆ. ಜೀಪಿನ ಬಾಡಿಗೆ, ಅಡಿಕೆ ಮಾರಾಟವಾಗದ ಸಮಯ, ಮಂಗಳೂರಿಗೆ ಹೋದರೆ ಎಷ್ಟು ಖರ್ಚಾದೀತೋ ಎಂಬ ಅಂಜಿಕೆ, ಇವೂ ಆ ತಡದೊಳಗೆ ಇರುತ್ತವೆ, ಭಕ್ತಿಯ ಹೆಸರು ಮಾತ್ರ ಮೇಲೆ ಕಾಣುತ್ತದೆ. ಇನ್ನೊಂದು ಬಗೆಯದು ಇದಕ್ಕಿಂತ ಅಪಾಯಕಾರಿ. ಧ್ಯಾನಕೂಟದಿಂದ ಬಂದು, ಮಗು ಗುಣವಾಗಿದೆ, ಇನ್ನು ಸೂಜಿ ಬೇಡ ಎಂದು ಇನ್ಸುಲಿನ್ ನಿಲ್ಲಿಸಿಬಿಡುವುದು. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಂತರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಬರಬಹುದು. ಅಪಸ್ಮಾರದ ಮಾತ್ರೆಯನ್ನು ಹಠಾತ್ತನೆ ಬಿಡಿಸುವುದೂ ಹಾಗೆಯೇ. ಗುಣವಾಗಿದೆಯೆಂಬ ನಂಬಿಕೆ ಇದ್ದರೆ ಅದನ್ನು ವೈದ್ಯರ ಪರೀಕ್ಷೆಯೇ ತೋರಿಸಿಕೊಡಲಿ, ಅಲ್ಲಿಯವರೆಗೆ ಮದ್ದು ಮುಂದುವರಿಯಲಿ.

ಕಾನೂನಿನ ಮಾತನ್ನೂ ಚಿಕ್ಕದಾಗಿ ಹೇಳಿಬಿಡುತ್ತೇವೆ. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿನಂತೆ, ಮಗುವಿನ ಹೊಣೆ ಹೊತ್ತವರು ಉದ್ದೇಶಪೂರ್ವಕ ಅಲಕ್ಷ್ಯದಿಂದ ಅದನ್ನು ನರಳಿಸಿದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಗುಣಪಡಿಸುತ್ತೇವೆಂದು ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸುವ ಜಾಹೀರಾತು 1954ರ ಕಾನೂನಿನಿಂದಲೇ ನಿಷಿದ್ಧ. ಆದರೂ ಅವು ಹರಿಯುವ ಮುನ್ನ ಹೊಸತು ಬಂದಿರುತ್ತವೆ.

ಈಗ ತಾಯಂದಿರು ನೆನಪಿಡಬೇಕಾದದ್ದು. ರಾತ್ರಿ ಹಾಸಿಗೆ ಒದ್ದೆಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದರೆ, ಎಷ್ಟು ನೀರು ಕುಡಿದರೂ ದಾಹ ತೀರದಿದ್ದರೆ, ಚೆನ್ನಾಗಿ ಉಂಡರೂ ಸೊರಗುತ್ತಿದ್ದರೆ, ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತಿದರೆ, ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ನಿಮಿಷದೊಳಗೆ ಗೊತ್ತಾಗುತ್ತದೆ. ಇದಕ್ಕೆ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ, ಮಂಪರು ಸೇರಿದರೆ ಮರುದಿನಕ್ಕೆ ಕಾಯಲೇಬಾರದು. ಇದನ್ನು ಹುಳದ ಬಾಧೆಯೆಂದೂ ದಮ್ಮೆಂದೂ ತಪ್ಪು ತಿಳಿಯುವುದುಂಟು. 108ಕ್ಕೆ ಕರೆಮಾಡಿ, ಮಂಪರಿನ ಮಗುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ. ಜಪಸರವನ್ನು ಗಾಡಿಯಲ್ಲಿ ಕೂತು ಹೇಳಿದರೂ ದೇವಮಾತೆಗೆ ಕೇಳಿಸುತ್ತದೆ. ರೋಗಿಗಳ ಅಭ್ಯಂಗ ಬೇಕೆಂದಿದ್ದರೆ ಗುರುಗಳನ್ನು ಆಸ್ಪತ್ರೆಗೇ ಕರೆಸಿಕೊಳ್ಳಿ, ಅವರು ಬರುವುದಕ್ಕಾಗಿ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಬೇಡಿ.

ಖರ್ಚಿನ ಚಿಂತೆ ಇರುವವರಿಗೆ ಒಂದು ದಾರಿಯಿದೆ. ಟೈಪ್ 1 ಇರುವ ಮಕ್ಕಳಿಗೆಂದು ಕೇರಳ ಸಾಮಾಜಿಕ ಸುರಕ್ಷಾ ಮಿಷನ್ 'ಮಿಠಾಯಿ' ಎಂಬ ಯೋಜನೆ ನಡೆಸುತ್ತಿದೆ, ಅರ್ಹ ಕುಟುಂಬಗಳಿಗೆ ಇನ್ಸುಲಿನ್ ಮತ್ತು ಪರೀಕ್ಷಾ ಸಾಮಗ್ರಿ ಉಚಿತವಾಗಿ ಸಿಗುತ್ತದೆ. ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿದರೆ ಅರ್ಜಿಯ ಬಗ್ಗೆ ತಿಳಿಸುತ್ತಾರೆ. ಫ್ರಿಜ್ ಇಲ್ಲದ ಮನೆಯವರು ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಚಿಕ್ಕ ಮಡಕೆಯೊಳಗಿಟ್ಟು, ಆ ಮಡಕೆಯನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯಲ್ಲಿ ಹೂತು, ಬಿಸಿಲು ಬೀಳದ, ಗಾಳಿಯಾಡುವ ಮೂಲೆಯಲ್ಲಿ ಇಡಬಹುದು. ಮರಳು ಒಣಗದಂತೆ ದಿನಾ ನೀರು ಚಿಮುಕಿಸುತ್ತಿರಬೇಕು. ಫ್ರಿಜ್ ಇರುವವರು ಮಂಜುಗಡ್ಡೆ ಕಟ್ಟುವ ಅರೆಯಲ್ಲಿ ಮಾತ್ರ ಇಡಬಾರದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಕೆಲಸಕ್ಕೆ ಬಾರದು.