ನಿಧಾನವಾಗಿ ತುಂಬುವ ಫ್ಲಶ್ ಟ್ಯಾಂಕು: ಶೌಚಾಲಯಕ್ಕೆ ಬೀಗ ಬೀಳುವ ಮುನ್ನ

ಶಾಲೆ, ವಿದ್ಯಾರ್ಥಿನಿಲಯ ಹಾಗೂ ಪಂಚಾಯಿತಿ ಕಟ್ಟಡಗಳ ಹೊಸ ಶೌಚಾಲಯಗಳಲ್ಲಿ ಹಲವೆಡೆ ಫ್ಲಶ್ ಟ್ಯಾಂಕುಗಳನ್ನು ಅಳವಡಿಸಲಾಗಿದೆ. ಇವು ಒಡೆದು ಹಾಳಾಗುವುದಕ್ಕಿಂತ ನೀರು ತುಂಬುವುದು ನಿಧಾನವಾಗಿ ನಿರುಪಯುಕ್ತವಾಗುವುದೇ ಹೆಚ್ಚು. ಹರಿವು ಸರಿಯಿದ್ದರೆ 10 ಲೀಟರಿನ ಟ್ಯಾಂಕು ಎರಡು ಮೂರು ನಿಮಿಷಗಳಲ್ಲಿ ತುಂಬುತ್ತದೆ. ಅದಕ್ಕೆ 12 ನಿಮಿಷ ಹಿಡಿದರೆ, 15 ನಿಮಿಷಗಳ ಶಾಲಾ ವಿರಾಮದಲ್ಲಿ ಎರಡೇ ಬಾರಿ ಫ್ಲಶ್ ಮಾಡಲು ಸಾಧ್ಯ. ಮೂರನೆಯ ಬಾಲಕಿ ಬಾಗಿಲಿನಿಂದಲೇ ಹಿಂದಿರುಗುತ್ತಾಳೆ. ಕೆಲವು ದಿನಗಳಲ್ಲಿ ದುರ್ವಾಸನೆ, ಅನಂತರ ಬೀಗ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕ ಶೌಚಾಲಯವನ್ನು ಕಡ್ಡಾಯಗೊಳಿಸಿದೆ. ಬೀಗ ಬಿದ್ದ ಶೌಚಾಲಯವು ಆಸ್ತಿ ವಹಿಯಲ್ಲಿ ಮಾತ್ರ ಉಳಿಯುತ್ತದೆ.

ಇಷ್ಟಕ್ಕೆಲ್ಲ ಕಾರಣ ಅನೇಕ ವೇಳೆ ಒಂದು ಚಿಟಿಕೆ ಮರಳು.

ಹೊಸ ಟ್ಯಾಂಕಿಗೆ ಅಂದಾಜುಪಟ್ಟಿ ಸಿದ್ಧಪಡಿಸುವ ಮೊದಲು ದೋಷವಿರುವುದು ಟ್ಯಾಂಕಿನಲ್ಲಿಯೋ ಕೊಳವೆಯಲ್ಲಿಯೋ ಎಂಬುದನ್ನು ತಿಳಿಯಬೇಕು. ಮೊದಲಿಗೆ ಗೋಡೆಯ ಆ್ಯಂಗಲ್ ಕಾಕ್ ಪೂರ್ಣ ತೆರೆದಿದೆಯೇ ಎಂದು ನೋಡಬೇಕು. ಅರ್ಧ ತಿರುಗಿಸಿ ಮರೆತಿರುವುದೂ ಉಂಟು. ಬಳಿಕ ಅದನ್ನು ಮುಚ್ಚಿ, ಟ್ಯಾಂಕಿಗೆ ಹೋಗುವ ಸಂಪರ್ಕ ಕೊಳವೆಯ ತುದಿಯನ್ನು ಬಿಚ್ಚಿ ಬಕೆಟ್ಟಿಗೆ ಹಿಡಿದು ಮತ್ತೆ ತೆರೆಯಬೇಕು. ನೀರು ರಭಸವಾಗಿ ಬಂದರೆ ದೋಷ ಟ್ಯಾಂಕಿನೊಳಗಿದೆ. ಇಲ್ಲಿಯೂ ತೊಟ್ಟಿಕ್ಕಿದರೆ ಟ್ಯಾಂಕು ಬದಲಿಸಿ ಪ್ರಯೋಜನವಿಲ್ಲ. ತುಕ್ಕು ಹಿಡಿದ ಕೊಳವೆ, ಮೇಲ್ತೊಟ್ಟಿಯ ಗೇಟ್ ವಾಲ್ವ್ ಅಥವಾ ಕೊಳವೆಯಲ್ಲಿ ಸಿಲುಕಿದ ಗಾಳಿಯನ್ನು ಪರಿಶೀಲಿಸಬೇಕು.

ಟ್ಯಾಂಕಿನೊಳಗಿನ ದೋಷವು ಸಾಮಾನ್ಯವಾಗಿ ನೀರು ಒಳಬರುವ ವಾಲ್ವಿನ ಬುಡದಲ್ಲಿರುವ ಪುಟ್ಟ ಜಾಲರಿಯಲ್ಲಿರುತ್ತದೆ. ಕೊಳವೆ ಬಾವಿಯ ಮರಳು ಅಲ್ಲಿ ತಡೆದು ನಿಲ್ಲುತ್ತದೆ. ಬಯಲುಸೀಮೆಯ ಗಡಸು ನೀರಾದರೆ ಸುಣ್ಣದ ಬಿಳಿ ಪದರವೂ ಕಟ್ಟುತ್ತದೆ. ಜಾಲರಿಯನ್ನು ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಸುಣ್ಣ ಬಿಡದಿದ್ದರೆ ನಿಂಬೆರಸ ಅಥವಾ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಸಾಕು. ಶೌಚಾಲಯ ತೊಳೆಯುವ ಆಮ್ಲವನ್ನು ಇದಕ್ಕೆ ಬಳಸಬಾರದು, ವಾಲ್ವಿನ ರಬ್ಬರು ಕೆಡುತ್ತದೆ. ತೊಂದರೆಯೇ ಬೇಡವೆಂದು ಜಾಲರಿಯನ್ನು ಎಸೆದುಬಿಡುವ ರೂಢಿಯಿದೆ. ಆಗ ಮರಳು ನೇರವಾಗಿ ವಾಲ್ವಿಗೆ ಹೋಗುತ್ತದೆ. ಇಂದು ನಿಧಾನವಾಗಿ ತುಂಬುವ ಟ್ಯಾಂಕು ನಾಳೆ ನಿಲ್ಲದೆ ಸೋರತೊಡಗುತ್ತದೆ.

ಜಾಲರಿ ಶುದ್ಧವಿದ್ದರೆ ತೇಲುಬುರುಡೆಯು ಗೋಡೆಗೆ ತಾಗಿ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಒಂದೆಡೆ ತುಂಬುತ್ತಿರುವಾಗಲೇ ಇನ್ನೊಂದೆಡೆ ನೀರು ಸೋರಿಹೋಗುತ್ತಿರಲೂಬಹುದು. ಟ್ಯಾಂಕಿನ ನೀರಿಗೆ ಸ್ವಲ್ಪ ಕುಂಕುಮ ಕದಡಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಟ್ಟಾಗ ಕೆಳಗಿನ ಬೇಸಿನ್‌ನಲ್ಲಿ ಬಣ್ಣ ಕಂಡರೆ ತಳದ ರಬ್ಬರ್ ವಾಷರನ್ನು ಬದಲಿಸಬೇಕು.

ಖರೀದಿಯ ಹಂತದಲ್ಲಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಪ್ಲಂಬರುಗಳು ಹೇಳುವ ಒಂದು ಕೆ.ಜಿ. ಒತ್ತಡಕ್ಕೆ ಸುಮಾರು 10 ಮೀಟರ್ ಎತ್ತರದ ನೀರು ಬೇಕು. ಒಂದಂತಸ್ತಿನ ಶಾಲೆಯ ಛಾವಣಿಯ ತೊಟ್ಟಿಯು ಫ್ಲಶ್ ಟ್ಯಾಂಕಿಗಿಂತ ಎರಡು ಮೀಟರ್ ಮೇಲಿದ್ದರೆ ದೊರೆಯುವುದು ಅದರ ಐದನೇ ಒಂದು ಭಾಗ ಮಾತ್ರ. ಹೆಚ್ಚಿನ ಒತ್ತಡಕ್ಕೆಂದು ತಯಾರಾದ ಕಿರಿದಾದ ರಂಧ್ರದ ವಾಲ್ವು ಇಲ್ಲಿ ಹೊಸದಾಗಿದ್ದರೂ ನಿಧಾನವೇ. ಆದ್ದರಿಂದ ಖರೀದಿ ಆದೇಶದಲ್ಲಿ ‘ಕಡಿಮೆ ಒತ್ತಡದ ವಾಲ್ವ್’ ಎಂದು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ಮೇಲಿನ ಕೆಲಸಗಳಲ್ಲಿ ಹೆಚ್ಚಿನವನ್ನು ನೀರುಗಂಟಿಯೇ ಮಾಡಬಲ್ಲರು; ಒಂದು ಸ್ಪ್ಯಾನರ್, ಕೆಲವು ವಾಷರು ಹಾಗೂ ಒಂದೆರಡು ವಾಲ್ವುಗಳು ಪಂಚಾಯಿತಿಯ ದಾಸ್ತಾನಿನಲ್ಲಿರಬೇಕು. ಮೇಲ್ತೊಟ್ಟಿ ತೊಳೆದಾಗ ತಳದ ಕೆಸರು ಕದಡಿ ಕೊಳವೆಗೆ ಇಳಿಯುವುದರಿಂದ, ತೊಟ್ಟಿ ತೊಳೆದ ದಿನವೇ ಆ ಕಟ್ಟಡದ ಎಲ್ಲ ಜಾಲರಿಗಳನ್ನೂ ಬಿಚ್ಚಿ ತೊಳೆಯುವ ಕೆಲಸವನ್ನು ಅದೇ ಕಾರ್ಯಾದೇಶದಲ್ಲಿ ಸೇರಿಸತಕ್ಕದ್ದು.