ಪಾದ್ರಿ ಮೇಷ್ಟ್ರ ಮದ್ದಿನ ಪೆಟ್ಟಿಗೆ

ಈ ದೇಶದ ಫಾರ್ಮಸಿ ಶಿಕ್ಷಣದ ಚರಿತ್ರೆ ಬರೆಯುವವರೆಲ್ಲ ಕಾಶಿಯಿಂದ ಶುರು ಮಾಡುತ್ತಾರೆ. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಪಾಠ ಆರಂಭಿಸಿದರು. ಅವರ ಹೆಸರು ಪಠ್ಯಪುಸ್ತಕದ ಮೊದಲ ಪುಟಗಳಲ್ಲೇ ಸಿಗುತ್ತದೆ, ಪರೀಕ್ಷೆಗೂ ಬರುತ್ತದೆ. ನಮ್ಮ ಕರಾವಳಿಯ ಮಟ್ಟಿಗೆ ಹೇಳುವ ಇಸವಿ 1963, ಊರು ಮಣಿಪಾಲ. ಆಮೇಲೆ ಮಂಗಳೂರಿನ ಸುತ್ತ ಒಂದರ ಬೆನ್ನಿಗೆ ಒಂದು ಕಾಲೇಜು ಎದ್ದವು. ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಿಂದ ಪಿಯುಸಿ ಮುಗಿಸಿ ಡಿ.ಫಾರ್ಮಾಕ್ಕೋ ಬಿ.ಫಾರ್ಮಾಕ್ಕೋ ಹೊರಡುವ ಮಕ್ಕಳು ಓದುವುದು ಇಷ್ಟೇ ಚರಿತ್ರೆ. ಹಾಗಾದರೆ ಅದಕ್ಕೆ ಮೊದಲು ನಮ್ಮ ಜಿಲ್ಲೆಯಲ್ಲಿ ಮದ್ದು ಅರೆಯುವವರು, ಅಳೆಯುವವರು, ಬಾಟಲಿಗೆ ಹಾಕಿ ಚೀಟಿ ಅಂಟಿಸುವವರು ಇರಲೇ ಇಲ್ಲವೇ?

ಇದ್ದರು. ಅವರಲ್ಲಿ ಕೆಲವರ ಕೆಲಸದ ಜಾಡು ಹಿಡಿದು ಹೋದರೆ ಸಿಗುವುದು ವಿಶ್ವವಿದ್ಯಾಲಯವಲ್ಲ, ಒಬ್ಬ ಕ್ರೈಸ್ತ ಪಾದ್ರಿಯ ಹೋಮಿಯೋಪಥಿ ಪೆಟ್ಟಿಗೆ.

1878ರ ಡಿಸೆಂಬರ್ 31ರಂದು ಯೇಸುಸಭೆಯ ಪಾದ್ರಿಗಳ ಮೊದಲ ತಂಡ ಮಂಗಳೂರಿನಲ್ಲಿ ಇಳಿಯಿತು. ಪೋಪ್ ಹದಿಮೂರನೆಯ ಲಿಯೊ ಮಂಗಳೂರು ಮಿಷನ್ನನ್ನು ಆ ವರ್ಷ ಅವರ ಕೈಗೆ ಒಪ್ಪಿಸಿದ್ದರು. ಬಂದವರಲ್ಲಿ ಹೆಚ್ಚಿನವರು ಇಟಲಿಯವರು. ಅವರ ನಡುವೆ ಒಬ್ಬ ಜರ್ಮನ್, ಆಗಸ್ಟಸ್ ಮುಲ್ಲರ್, ವಯಸ್ಸು 37. ಕರೆತಂದದ್ದು ಪಾಠ ಹೇಳಲು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದಾಗ ಅವರು ಅಲ್ಲಿ ಮೇಷ್ಟ್ರು. ಆದರೆ ಸಾಮಾನಿನ ಜತೆ ಒಂದು ಮದ್ದಿನ ಪೆಟ್ಟಿಗೆಯೂ ಬಂದಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ, ಸಹ ಅಧ್ಯಾಪಕರಿಗೆ ಗುಳಿಗೆ ಕೊಡಲು ತೊಡಗಿದರು. ಸುದ್ದಿ ಹಬ್ಬಿತು, ಹೊರಗಿನವರೂ ಬರತೊಡಗಿದರು. ಅದೇ 1880ರಲ್ಲಿ ಕಂಕನಾಡಿಯಲ್ಲಿ ಬಡವರ ಹೋಮಿಯೋಪಥಿ ಔಷಧಾಲಯ ಹುಟ್ಟಿತು. ಆಲದ ಮರದಡಿ ಶುರುವಾಯಿತು ಎಂಬುದು ಸಂಸ್ಥೆ ಹೇಳಿಕೊಂಡು ಬಂದ ಕಥೆ. ಮೇಷ್ಟ್ರಿಗೆ ಕಪ್ಪುಹಲಗೆಗಿಂತ ಶೀಶೆಯ ಮೇಲೇ ಮನಸ್ಸು ಹೆಚ್ಚಿದ್ದಿರಬೇಕು. 1890ರ ಹೊತ್ತಿಗೆ ಕುಷ್ಠರೋಗಿಗಳ ಆಶ್ರಯ, 1895ಕ್ಕೆ ಆಸ್ಪತ್ರೆ, ಪ್ಲೇಗು ಬಂದಾಗ ಅದಕ್ಕೊಂದು ಪ್ರತ್ಯೇಕ ಆಸ್ಪತ್ರೆ.

ಆಸ್ಪತ್ರೆಯ ಬಗ್ಗೆ ಬರೆದವರು ಬೇಕಾದಷ್ಟು ಮಂದಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಔಷಧಾಲಯದ ಹಿಂಬದಿಯ ಕೋಣೆ ಮತ್ತು ಅಂಚೆ.

ಭಾರತದ ಅಂಚೆ ಇಲಾಖೆ ವಿ.ಪಿ.ಪಿ. ಪದ್ಧತಿ ತಂದದ್ದು 1877ರಲ್ಲಿ. ಪಾರ್ಸೆಲು ಕೈಗೆ ಬಂದ ಮೇಲೆ ಪೋಸ್ಟ್‌ಮ್ಯಾನ್‌ಗೆ ಹಣ ಕೊಟ್ಟರಾಯಿತು. ಮುಲ್ಲರ್ ಬಂದದ್ದು ಅದರ ಮರುವರ್ಷ. ಈ ಎರಡೂ ಕೂಡಿದ್ದರಿಂದ ಕಂಕನಾಡಿಯ ಮದ್ದು ಮಂಗಳೂರಿನ ಗಡಿ ದಾಟಿ ದೇಶದ ಮೂಲೆಮೂಲೆಗೆ ಹೋಯಿತು. ಉಪ್ಪಿನಂಗಡಿ ತಾಲೂಕು ಅಂದರೆ ಆಗ ಇಂದಿನ ಪುತ್ತೂರು, ಸುಳ್ಯ, ಕಡಬ ಎಲ್ಲ ಅದರೊಳಗೇ. ಮಳೆಗಾಲದಲ್ಲಿ ಕುಮಾರಧಾರೆ, ಪಯಸ್ವಿನಿ ತುಂಬಿದರೆ ಆಚೆ ದಡದವರಿಗೆ ಈಚೆ ದಡವೇ ಪರದೇಶ. ಕಾಡು ಸೀಮೆಯ ಚಳಿಜ್ವರಕ್ಕೆ ಮನೆಮದ್ದು, ಪಂಡಿತರ ಕಷಾಯ, ಭೂತದ ಹರಕೆ ಇದ್ದವು. ಸರಕಾರದ ವೆನ್ಲಾಕ್ ಆಸ್ಪತ್ರೆ 1848ರಿಂದಲೇ ಇದ್ದರೂ ಮಂಗಳೂರಿಗೆ ಹೋಗುವುದೆಂದರೆ ಎತ್ತಿನ ಗಾಡಿಯ ಮಾತು. ಇಂಥಲ್ಲಿ ಒಂದು ಕಾಗದ ಬರೆದು ಹಾಕಿದರೆ ಮದ್ದೇ ಮನೆ ಬಾಗಿಲಿಗೆ ಬರುತ್ತದೆ ಎಂದರೆ ಸಣ್ಣ ಸಂಗತಿಯಲ್ಲ.

ಇನ್ನು ಆ ಕೋಣೆಯ ಕೆಲಸ. ಹೋಮಿಯೋಪಥಿಯ ಜನಕ ಹ್ಯಾನಿಮನ್ ಬರೆದಿಟ್ಟ ವಿಧಾನ ಓದಿದರೆ ಅದು ಎಂಥ ತಾಳ್ಮೆಯ ಪಾಠ ಎಂದು ಗೊತ್ತಾಗುತ್ತದೆ. ಒಂದು ಗ್ರೇನ್ ಮೂಲವಸ್ತುವಿಗೆ ಸುಮಾರು ನೂರು ಗ್ರೇನ್ ಹಾಲಿನ ಸಕ್ಕರೆ. ಸಕ್ಕರೆಯನ್ನು ಮೂರು ಪಾಲು ಮಾಡಬೇಕು. ಮೊದಲ ಪಾಲನ್ನು ಪಿಂಗಾಣಿ ಕಲ್ವಕ್ಕೆ ಹಾಕಿ ವಸ್ತುವಿನೊಂದಿಗೆ ಆರು ನಿಮಿಷ ಬಲವಾಗಿ ಅರೆಯಬೇಕು. ಅಡಿಗೆ, ಅಂಚಿಗೆ ಹಿಡಿದದ್ದನ್ನು ನಾಲ್ಕು ನಿಮಿಷ ಕೆರೆದು ಒಟ್ಟು ಮಾಡಬೇಕು. ಮತ್ತೆ ಆರು ನಿಮಿಷ ಅರೆತ, ಮತ್ತೆ ನಾಲ್ಕು ನಿಮಿಷ ಕೆರೆತ. ಆಮೇಲೆ ಎರಡನೆಯ ಪಾಲು, ಮೂರನೆಯ ಪಾಲು, ಎಲ್ಲಕ್ಕೂ ಇದೇ ಕ್ರಮ. ಹೀಗೆ ಒಂದು ಗಂಟೆಗೆ ಒಂದು ಮೆಟ್ಟಿಲು. ಆ ಪುಡಿಯಿಂದ ಒಂದು ಗ್ರೇನ್ ತೆಗೆದು ಮತ್ತೆ ಮೊದಲಿನಿಂದ. ಮೂರು ಮೆಟ್ಟಿಲು ಹತ್ತಿದ ಮೇಲೆ ಅದು ನೀರು, ಸ್ಪಿರಿಟ್ಟಿಗೆ ಇಳಿಯುತ್ತದೆ. ಮುಂದೆ ಪ್ರತಿ ಹಂತದಲ್ಲೂ ಒಂದು ತೊಟ್ಟಿಗೆ ನೂರರಷ್ಟು ಸ್ಪಿರಿಟ್ಟು ಕೂಡಿಸಿ ಶೀಶೆಯನ್ನು ಕುಲುಕುವುದು. ಕೊನೆಗೆ ಆ ದ್ರಾವಣದಲ್ಲಿ ಸಾಸಿವೆ ಗಾತ್ರದ ಸಕ್ಕರೆ ಗುಳಿಗೆಗಳನ್ನು ನೆನೆಸಿ ಆರಿಸಿದರೆ ನಮ್ಮ ಅಜ್ಜಿಯಂದಿರು ಕರಡಿಗೆಯಲ್ಲಿ ಇಡುತ್ತಿದ್ದ ಮದ್ದು ಸಿದ್ಧ. ಕಾಫಿ ಬಿಡಬೇಕು, ನೀರುಳ್ಳಿ ಬಿಡಬೇಕು, ಕರ್ಪೂರದ ಹತ್ತಿರ ಇಡಬಾರದು. ಮಕ್ಕಳು ಕಾಯಿಲೆ ಇಲ್ಲದಾಗಲೂ ಕದ್ದು ತಿನ್ನುತ್ತಿದ್ದರು.

ಈ ಮದ್ದಿನಲ್ಲಿ ಏನಿದೆ ಎಂಬ ತಕರಾರು ಹಳೆಯದು, ನ್ಯಾಯವಾದದ್ದೂ ಹೌದು. ನೂರರ ಲೆಕ್ಕದಲ್ಲಿ ಹನ್ನೆರಡನೆಯ ಮೆಟ್ಟಿಲು ದಾಟಿದರೆ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವವಿಲ್ಲ. ಅಂಗಡಿಯಲ್ಲಿ ಧಾರಾಳ ಮಾರಾಟವಾಗುವುದು ಮೂವತ್ತನೆಯ ಮೆಟ್ಟಿಲಿನದು. ಚಳಿಜ್ವರಕ್ಕೆ ನಿಜವಾಗಿ ನಾಟಿದ್ದು ಕ್ವಿನೈನ್. ಅದನ್ನೂ ಬ್ರಿಟಿಷರು ಪೊಟ್ಟಣ ಕಟ್ಟಿಸಿ ಅಂಚೆ ಕಚೇರಿಗಳಲ್ಲಿ ಮಾರಿಸಿದ್ದರು. ನಾನು ಕಂಕನಾಡಿಯ ಗುಳಿಗೆಯ ವಕೀಲನಲ್ಲ. ಆದರೆ ಗಡಿಯಾರ ನೋಡಿಕೊಂಡು ಅರೆಯುವ, ಶೀಶೆ ತೊಳೆಯುವ, ತೊಟ್ಟು ಎಣಿಸುವ, ಚೀಟಿ ತಪ್ಪದೆ ಅಂಟಿಸುವ ಕಟ್ಟುನಿಟ್ಟನ್ನು ಕಲಿತ ಕೈಗಳಿಗೆ ಫಾರ್ಮಸಿಯ ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ ಎನ್ನುವುದು ನನಗೆ ಸರಿಕಾಣುವುದಿಲ್ಲ.

ಅಲೋಪಥಿಯ ಕಂಪೌಂಡರುಗಳ ಕಥೆಯೂ ಸುಮಾರಾಗಿ ಇದೇ. ಮನೆಯಿಂದ ತೊಳೆದು ತಂದ ಬಾಟಲಿಗೆ ಕೆಂಪು ಮಿಕ್ಸ್ಚರ್ ಸುರಿದು, ಮಡಚಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿನಿಂದ ಹಚ್ಚುತ್ತಿದ್ದರು. ಒಂದು ಕಚ್ಚಿಗೆ ಒಂದು ಡೋಸು. ಅಕ್ಷರ ಬಾರದ ಮುದುಕಿಯೂ ಕಚ್ಚು ನೋಡಿ ಮದ್ದು ಕುಡಿಯುತ್ತಿದ್ದಳು. ಇವರಿಗೆ ಸರಿಯಾದ ತರಬೇತಿ ಇಲ್ಲವೆಂದು ಕರ್ನಲ್ ಆರ್.ಎನ್. ಚೋಪ್ರಾ ಸಮಿತಿ 1931ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಬಂದದ್ದು 1948ರ ಫಾರ್ಮಸಿ ಕಾಯಿದೆ. ಕಾಯಿದೆ ನಿರ್ದಯಿಯಾಗಿರಲಿಲ್ಲ. ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಐದು ವರ್ಷ ಮದ್ದು ಬೆರೆಸಿದವರಿಗೆ ಮೊದಲ ಪಟ್ಟಿಯಲ್ಲಿ ಹೆಸರು ಬರೆಸಲು ಬಾಗಿಲು ತೆರೆದಿಟ್ಟಿತು. ಮುಂದೆ 1976ರ ತಿದ್ದುಪಡಿ ಬರ್ಮಾ, ಸಿಲೋನ್, ಉಗಾಂಡದಿಂದ ಹೊರಬಿದ್ದು ಬಂದವರಿಗೂ ಜಾಗ ಮಾಡಿತು. ಸಿಲೋನಿನಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ನೆಲೆಯೂರಿದ ತಮಿಳರನ್ನು ಬಲ್ಲ ನಮ್ಮವರಿಗೆ ಈ ಸಾಲು ಪರಕೀಯ ಎನಿಸಲಿಕ್ಕಿಲ್ಲ. ಅದೇ ತಿದ್ದುಪಡಿಯ ಗಡುವಿನಂತೆ 1984ರಿಂದ ನೋಂದಾಯಿತ ಫಾರ್ಮಸಿಸ್ಟರಲ್ಲದೆ ಬೇರೆಯವರು ವೈದ್ಯರ ಚೀಟಿಗೆ ಮದ್ದು ಕೊಡುವಂತಿಲ್ಲ ಎಂದಾಯಿತು.

ಕಾಗದದ ಮೇಲೆ. ಗೋಡೆಯಲ್ಲಿ ಒಬ್ಬರ ಸರ್ಟಿಫಿಕೇಟು, ಕೌಂಟರಿನಲ್ಲಿ ಇನ್ನೊಬ್ಬರು ಎಂಬ ಏರ್ಪಾಡು ಎಲ್ಲ ಊರಿನವರೂ ನೋಡಿದ್ದೇ. ಅಷ್ಟು ಹೊತ್ತಿಗೆ ಕಾರ್ಖಾನೆಯ ಗುಳಿಗೆಗಳು ಬಂದು ಕಲ್ವ, ಬಾಟಲಿ, ಕಾಗದದ ಪಟ್ಟಿ ಎಲ್ಲ ಅಟ್ಟ ಸೇರಿದವು. ಬೆರೆಸುವವನು ಬೇಡವಾದ, ಪಟ್ಟಿಯಿಂದ ಕತ್ತರಿಸಿ ಕೊಡುವವನು ಸಾಕಾದ. ಓದಿದವರಿಗೆ ಮಾತ್ರ ನಿಯಮ ಬೆಳೆಯುತ್ತಾ ಹೋಯಿತು. 1991ರ ನಿಯಮಾವಳಿ ಡಿ.ಫಾರ್ಮಾ ಮುಗಿಸಿದವರಿಗೆ ಕನಿಷ್ಠ 500 ಗಂಟೆಯ ಪ್ರಾಯೋಗಿಕ ತರಬೇತಿ, ಅದರಲ್ಲಿ 250 ಗಂಟೆ ವೈದ್ಯರ ಚೀಟಿ ನೋಡಿ ಮದ್ದು ಕೊಡುವ ಕೆಲಸವೇ ಆಗಬೇಕು ಎಂದಿತು. 2022ರಲ್ಲಿ ನಿರ್ಗಮನ ಪರೀಕ್ಷೆಯ ನಿಯಮವೂ ಬಂತು.

ಕಂಕನಾಡಿ ಏನಾಯಿತು? ಮುಲ್ಲರ್ 1910ರ ನವೆಂಬರ್ 1ರಂದು ತೀರಿಕೊಂಡರು. ಸಂಸ್ಥೆ ಈಗ ಮಂಗಳೂರು ಧರ್ಮಪ್ರಾಂತ್ಯದ ಆಡಳಿತದಲ್ಲಿದೆ. 1985ರಲ್ಲಿ ಹೋಮಿಯೋಪಥಿ ವೈದ್ಯಕೀಯ ಕಾಲೇಜು, 1999ರಲ್ಲಿ ಅಲೋಪಥಿ ವೈದ್ಯಕೀಯ ಕಾಲೇಜು ತೆರೆಯಿತು. ಮದ್ದು ತಯಾರಿಸುವ ವಿಭಾಗ ದೇರಳಕಟ್ಟೆಯಲ್ಲಿದೆ. ಪುತ್ತೂರಿನಿಂದ ಬಸ್ಸು ಹತ್ತಿದವರಿಗೆ ಕಂಕನಾಡಿಯೆಂದರೆ ಇವತ್ತು ಸ್ಕ್ಯಾನಿಂಗು, ಆಪರೇಷನ್ನು, ವಾರ್ಡಿನ ನಂಬರು. ಎಲ್ಲ ಶುರುವಾದದ್ದು ಔಷಧಾಲಯದಿಂದ ಎಂಬ ನೆನಪು ಹಳಬರಲ್ಲಿ ಅಷ್ಟಿಷ್ಟು ಉಳಿದಿದೆ.

1948ರ ಕಾಯಿದೆ ತೆರೆದ ಬಾಗಿಲು ಮಾತ್ರ ಆ ಗುಳಿಗೆಯವರಿಗೆ ತೆರೆಯಲಿಲ್ಲ. ಫಾರ್ಮಸಿ ಕೌನ್ಸಿಲಿನ ಲೆಕ್ಕದಲ್ಲಿ ಹೋಮಿಯೋಪಥಿ ಮದ್ದು ಕಟ್ಟುವವನು ಫಾರ್ಮಸಿಸ್ಟ್ ಅಲ್ಲ. ಆ ಮದ್ದು ಮಾರಲು ಔಷಧ ನಿಯಮಗಳಲ್ಲಿ ಬೇರೆಯೇ ಪರವಾನಗಿ ಇದೆ. ಅಂಗಡಿ ಶುಚಿಯಾಗಿರಬೇಕು, ಮಾರಾಟ ಹೋಮಿಯೋಪಥಿ ಮದ್ದಿನ ವ್ಯವಹಾರದಲ್ಲಿ ಸಮರ್ಥನಾದ ವ್ಯಕ್ತಿಯ ಮೇಲುಸ್ತುವಾರಿಯಲ್ಲಿ ನಡೆಯಬೇಕು ಎಂಬುದು ಅದರ ಹಳೆಯ ಷರತ್ತು. ಆ ಸಮರ್ಥ ವ್ಯಕ್ತಿ ಏನು ಓದಿರಬೇಕು, ಎಷ್ಟು ಗಂಟೆ ಯಾರ ಕೈಕೆಳಗೆ ದುಡಿದಿರಬೇಕು ಎಂದು ಷರತ್ತು ಬರೆದವರು ಹೇಳಲು ಹೋಗಲಿಲ್ಲ.